ಕಂಪೆನಿದ್ದೇ ಮಾರಾಯ್ರೆ!

ಹಳೆಯ ಕಾರಿನ ಸಾಮಾನು ಮಾರುವವರ ಬಾಯಲ್ಲಿ ‘ಡುಪ್ಲಿಕೇಟ್’ ಎಂಬ ಶಬ್ದ ಪಕ್ಕದ ಅಂಗಡಿಯ ಮಾಲಿಗೆ ಮಾತ್ರ ಸಲ್ಲುತ್ತದೆ. ತಮ್ಮಲ್ಲಿರುವುದೆಲ್ಲ ‘ಕಂಪೆನಿದ್ದೇ ಮಾರಾಯ್ರೆ’. ಕಂಪೆನಿ ಬಾಗಿಲು ಹಾಕಿ ಎಷ್ಟೋ ದಶಕಗಳಾಗಿರಬಹುದು, ಅದರ ಮಾಲು ಮಾತ್ರ ಹೊಸ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬರುತ್ತಲೇ ಇರುತ್ತದೆ. ಕೊಳ್ಳುವವರೂ ಪಾಪದವರು. ಹೊಳಪು ಕಂಡಲ್ಲಿ ಕೈಮುಗಿಯುತ್ತಾರೆ, ಕಲೆ ಕಂಡಲ್ಲಿ ಚೌಕಾಸಿಗೆ ನಿಲ್ಲುತ್ತಾರೆ. ಇದು ಪೂರ್ತಿ ತಿರುಗುಮುರುಗು ಎಂಬುದು ನನ್ನ ವಾದ. ಒರಿಜಿನಲ್ ಪಾರ್ಟಿಗೆ ತಾನು ಒರಿಜಿನಲ್ ಎಂಬ ಸಂಗತಿಯೇ ಗೊತ್ತಿರುವುದಿಲ್ಲ. ಅದನ್ನು ಮಾಡಿದ ಕಾರ್ಮಿಕ ಸಂಜೆಯ ಸೈರನ್ನಿಗೆ ಕಾಯುತ್ತಿದ್ದ. ಎಂಬತ್ತು ವರ್ಷಗಳ ಮೇಲೆ ಉಡುಪಿಯಲ್ಲೊಬ್ಬರು ಭೂತಗನ್ನಡಿ ಹಿಡಿದು ಅದರ ಜಾತಕ ನೋಡುತ್ತಾರೆಂದು ಅವನು ಕನಸಲ್ಲೂ ಎಣಿಸಿರಲಿಲ್ಲ. ನಕಲು ಮಾಡುವವನಿಗೆ ಮಾತ್ರ ಆ ಭೂತಗನ್ನಡಿಯದ್ದೇ ಚಿಂತೆ. ಆದ್ದರಿಂದ ಅಸಲಿಯಲ್ಲಿ ಉದಾಸೀನ, ನಕಲಿಯಲ್ಲಿ ಶ್ರದ್ಧೆ. ಪರೀಕ್ಷೆ ಮಾಡುವವರು ಯಾರೂ ನೋಡಲಾರರೆಂದು ಬಿಟ್ಟ ಜಾಗವನ್ನೇ ನೋಡಬೇಕು.

ಸಾಕ್ಷಿ ಬೇಕೆಂದರೆ ತಿರುಪಿನಿಂದಲೇ ಶುರುಮಾಡೋಣ. ನಮ್ಮ ಗ್ಯಾರೇಜುಗಳು ಸ್ಟಾರ್ ಸ್ಕ್ರೂ ಎನ್ನುವ ಫಿಲಿಪ್ಸ್ ತಲೆಯ ತಿರುಪು ಕಾರುಗಳಿಗೆ ಬಂದದ್ದು 1936ರ ಸುಮಾರಿಗೆ, ಕ್ಯಾಡಿಲಾಕ್ ಮೂಲಕ. 1928ರ ಕಾರಿನ ದೀಪದಲ್ಲಿ ಅದು ಕಂಡರೆ, ದೀಪ ನಕಲಿಯೋ ಅಲ್ಲವೋ, ಯಾರದೋ ಕೈ ಅಲ್ಲಿ ಆಡಿದ್ದಂತೂ ಹೌದು. ಕ್ರೋಮ್ ಲೇಪ ಬಳಕೆಗೆ ಬಂದದ್ದು 1920ರ ದಶಕದ ಕೊನೆಯಲ್ಲಿ; ಅದಕ್ಕೆ ಮೊದಲು ನಿಕಲ್. ನಿಕಲ್ಲಿನಲ್ಲಿ ತುಸು ಹಳದಿ ಛಾಯೆಯಿದೆ, ಕ್ರೋಮಿನಲ್ಲಿ ನೀಲಿ. ಬೀಡಿನ ಭಾಗಗಳ ಗುಟ್ಟು ಇನ್ನೂ ಸ್ವಾರಸ್ಯದ್ದು. ಕರಗಿದ ಬೀಡು ತಣಿಯುವಾಗ ಸುಮಾರು ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಕಾರ್ಖಾನೆಯವರು ಈ ಲೆಕ್ಕ ಹಿಡಿದೇ ಅಚ್ಚನ್ನು ದೊಡ್ಡದು ಮಾಡಿರುತ್ತಾರೆ. ಹಳೆಯ ಭಾಗವನ್ನೇ ಮರಳಿನಲ್ಲಿ ಒತ್ತಿ ಎರಕ ಹೊಯ್ಯುವ ಆತುರದವನಿಗೆ ಸಿಗುವುದು ಮೂಲಕ್ಕಿಂತ ಚಿಕ್ಕದು: ಮುನ್ನೂರು ಮಿಲಿಮೀಟರಿಗೆ ಮೂರು ಮಿಲಿಮೀಟರ್ ಕಡಿಮೆ. ಬಣ್ಣ, ಅಕ್ಷರ, ಅಂಕಿ ಎಲ್ಲ ಸರಿಯಿದ್ದು ಬೋಲ್ಟಿನ ತೂತುಗಳು ಮಾತ್ರ ಒಂದಕ್ಕೊಂದು ಮುಖ ತಿರುಗಿಸಿ ಕೂರುತ್ತವೆ. ಇನ್ನು ಹಳೆಯ ಮಾರಿಸ್ ಎಂಜಿನ್ನುಗಳ ಬೋಲ್ಟು. ಆ ಎಂಜಿನ್ ಕಾರ್ಖಾನೆ ಮೊದಲು ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪೆನಿಯದ್ದಾಗಿತ್ತು, ಯಂತ್ರಗಳೆಲ್ಲ ಮೆಟ್ರಿಕ್. ಆದ್ದರಿಂದ ಬೋಲ್ಟಿನ ಮರೆ, ಅಂದರೆ ಥ್ರೆಡ್ಡು, ಮೆಟ್ರಿಕ್ ಅಳತೆಯದ್ದು. ಇಂಗ್ಲಿಷರ ಸ್ಪ್ಯಾನರ್ ಹಿಡಿಯಬೇಕಲ್ಲ, ತಲೆ ಮಾತ್ರ ಅವರದೇ ಅಳತೆಯಾದ ವಿಟ್‌ವರ್ತ್. ಬುದ್ಧಿ ನೆಟ್ಟಗಿರುವ ಯಾವ ನಕಲುಗಾರನೂ ಇಂಥ ಬೋಲ್ಟು ಮಾಡುವುದಿಲ್ಲ. ಇಷ್ಟು ಅಧ್ವಾನವಾಗಿರಲು ಅಸಲಿಗೆ ಮಾತ್ರ ಸಾಧ್ಯ.

‘ನೀವು ಇದನ್ನೆಲ್ಲ ಬರೆದಿಟ್ಟರೆ ನಕಲುಗಾರರೂ ಓದುವುದಿಲ್ಲವೇ?’ ಎಂದು ಕೇಳಬಹುದು. ಓದುತ್ತಾರೆ, ಓದಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಫೋರ್ಡ್ ಕಂಪೆನಿ ಜೀಪು ಮಾಡುವಾಗ ಬಿಡಿಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೂ, ‘ಎಫ್’ ಅಕ್ಷರ ಒತ್ತಿತು. ಸಂಗ್ರಾಹಕರು ಅದಕ್ಕೆ ಬಾಯಿಬಿಡುತ್ತಾರೆಂದು ಗೊತ್ತಾದದ್ದೇ ತಡ, ಇಂದು ‘ಎಫ್’ ಒತ್ತಿದ ಹೊಚ್ಚಹೊಸ ಬೋಲ್ಟುಗಳು ಬೇಕಾದಷ್ಟು ಸಿಗುತ್ತವೆ. ಆದರೆ ಇದು ನನ್ನ ವಾದಕ್ಕೇ ಬಲ ಕೊಡುತ್ತದೆ: ಕೊಳ್ಳುವವರು ಎಲ್ಲಿ ನೋಡುತ್ತಾರೋ ಅಲ್ಲಿಯೇ ನಕಲಿಯ ಶ್ರಮವೆಲ್ಲ. ಗುರುತು ಕಲಿಯಬಹುದು, ಸವೆತ ಕಲಿಯುವುದು ಕಷ್ಟ. ಬಾಗಿಲ ಹಿಡಿಕೆ ಕೈ ತಾಗುವ ಕಡೆ ಸವೆಯುತ್ತದೆ, ಕ್ಲಚ್ ಪೆಡಲು ಡ್ರೈವರನ ಕಾಲಿನ ಅಭ್ಯಾಸದಂತೆ ಒಂದು ಮಗ್ಗುಲಿಗೆ. ಗ್ರೈಂಡರಿಗೆ ಹಿಡಿದು ಸವೆಸಿದ್ದು ಸುತ್ತಲೂ ಒಂದೇ ಸಮ. ತುಕ್ಕಿನಲ್ಲೂ ಹೀಗೆಯೇ. ಉಪ್ಪುನೀರಿನಲ್ಲಿ ನೆನೆಸಿ ಬರಿಸಿದ ತುಕ್ಕು ಮೇಲೂ ಕೆಳಗೂ ಒಂದೇ ಬಣ್ಣ. ಕಾಪುವಿನ ಕಡಲಗಾಳಿ ತಿನ್ನುವಾಗ ಅದಕ್ಕೊಂದು ಕ್ರಮವಿದೆ: ಮಳೆನೀರು ಇಳಿದು ನಿಲ್ಲುವ ಬಾಗಿಲ ತಳ, ಮಡ್‌ಗಾರ್ಡಿನ ಮಡಿಕೆ, ಕೆಸರು ಕೂರುವ ಮೂಲೆ ಮೊದಲು, ಎಣ್ಣೆ ಸೋರುವ ಜಾಗ ಕೊನೆಗೆ. ಅಲ್ಲಿನ 1901ರ ದೀಪಸ್ತಂಭದ ಆಸುಪಾಸಿನಲ್ಲಿ ತಲೆಮಾರುಗಟ್ಟಲೆ ಬಯಲಲ್ಲಿ ನಿಂತಿದ್ದ ಕಾರಿನದೆಂದು ಹೇಳಿ ಕಲೆಯಿಲ್ಲದ ಬಂಪರು ತೋರಿಸಿದರೆ, ಬಂಪರಿಗಿಂತ ಮೊದಲು ಕಥೆಯನ್ನು ಪರೀಕ್ಷಿಸಬೇಕು. ಲೋಹ ತಟ್ಟಿ ನೋಡುವ ವಿದ್ಯೆ ಈ ಸೀಮೆಗೆ ಹೊಸತೂ ಅಲ್ಲ. ಬೈಲೂರಿನ ಬೆಟ್ಟದ ಮೇಲಿನ ಪರಶುರಾಮನ ಮೂರ್ತಿ ಕಂಚಿನದೋ ಅಲ್ಲವೋ ಎಂಬ ವಿವಾದ ಎದ್ದ 2023ರಲ್ಲಿ ಕಾರ್ಕಳದ ಹೋಟೆಲುಗಳ ಪ್ರತಿ ಮೇಜಿನಲ್ಲೂ ಒಬ್ಬ ಲೋಹತಜ್ಞ ಚಹಾ ಕುಡಿಯುತ್ತಿದ್ದ. ಅದೇ ಊರಿನ 1432ರ ಗೊಮ್ಮಟನಿಗೆ ಈ ರಗಳೆಯಿಲ್ಲ. ಒಂದೇ ಕಲ್ಲು, ಬಿಡಿಭಾಗವೇ ಇಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಧರ್ಮದ ಕಡೆಯಿಂದ ಬರುತ್ತದೆ. ನಮ್ಮ ಕರಾವಳಿಯಲ್ಲಿ ದೇವಸ್ಥಾನದ ಮಾಡು, ಗೋಡೆ, ಗರ್ಭಗುಡಿಯವರೆಗೂ ಬದಲಿಸಿ ಬ್ರಹ್ಮಕಲಶ ಮಾಡುತ್ತೇವೆ. ಆ ದೇವಸ್ಥಾನವನ್ನು ಯಾರಾದರೂ ಡುಪ್ಲಿಕೇಟ್ ಎನ್ನುತ್ತಾರೆಯೇ? ಹಾಗಾದರೆ ಕಾರಿನ ಜೀರ್ಣೋದ್ಧಾರಕ್ಕೆ ಮಾತ್ರ ಏಕೆ ಈ ಮಡಿ? ಒಪ್ಪತಕ್ಕ ಮಾತೇ. ಆದರೆ ಜೀರ್ಣೋದ್ಧಾರವಾದ ದೇವಸ್ಥಾನದ ಬಾಗಿಲಲ್ಲೇ ಗ್ರಾನೈಟ್ ಫಲಕವೊಂದು ನಿಂತಿರುತ್ತದೆ: ಇಸವಿ, ಸಮಿತಿ, ದಾನಿಗಳ ಹೆಸರು, ಕೊಟ್ಟ ಮೊತ್ತ. ಒಳಗಿನ ಫ್ಯಾನಿನ ರೆಕ್ಕೆ ಕೂಡ ತಾನು ಯಾರ ಸೇವೆ ಎಂದು ತಿರುಗುತ್ತಲೇ ಹೇಳುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿಯೂ ಕುಂಜೂರಿನ ಚೌಕಿಮನೆ ತಾನು ಮಣಿಪಾಲದಲ್ಲೇ ಹುಟ್ಟಿದವಳೆಂದು ನಟಿಸುವುದಿಲ್ಲ; ಕುಂಜೂರಿನ ಹೆಸರನ್ನು ಹೊತ್ತೇ ನಿಂತಿದೆ. ಹಳೆಯ ಕಟ್ಟಡಗಳ ದುರಸ್ತಿ ಕುರಿತ 1964ರ ವೆನಿಸ್ ಸನ್ನದು ಹೇಳುವುದೂ ಇದನ್ನೇ: ಹೊಸದಾಗಿ ಸೇರಿಸಿದ್ದು ಹಳತಿನ ಜೊತೆ ಹೊಂದಬೇಕು, ಆದರೆ ಬೇರೆ ಎಂದು ಗೊತ್ತಾಗಲೂ ಬೇಕು. ಹೊಸ ಪಾರ್ಟಿನ ತಪ್ಪು ಹೊಸತಾಗಿರುವುದಲ್ಲ, ಹುಟ್ಟಿದ ಇಸವಿಯನ್ನು ಮುಚ್ಚಿಡುವುದು. ಬೆನ್ನಿಗೆ ಇಸವಿ ಕೆತ್ತಿಸಿಕೊಂಡು ಬಂದ ಹೊಸ ಮಡ್‌ಗಾರ್ಡಿಗೆ ನನ್ನ ಪೂರ್ಣ ಬೆಂಬಲವಿದೆ.

ಅಸಲಿ, ನಕಲಿ ಎಂಬ ಎರಡೇ ಗೂಟಕ್ಕೆ ಎಲ್ಲವನ್ನೂ ಕಟ್ಟುವುದೂ ಸರಿಯಲ್ಲ. ಸ್ವಾತಂತ್ರ್ಯದ ನಂತರ ಆಮದಿಗೆ ಕಟ್ಟುಪಾಡು ಬಿದ್ದ ದಶಕಗಳಲ್ಲಿ ವಿಲಾಯಿತಿ ಕಾರಿನ ಬುಶ್ಶು ಸವೆದರೆ ಅದನ್ನು ಕಡೆದು ಕೊಟ್ಟದ್ದು ಊರಿನ ಲೇತು. ಅದು ಕಂಪೆನಿದ್ದಲ್ಲ, ಆದರೆ ಯಾರನ್ನೂ ಮೋಸಗೊಳಿಸಲು ಹುಟ್ಟಿದ್ದೂ ಅಲ್ಲ. ನಾಳೆ ಬೆಳಿಗ್ಗೆ ಮಂಗಳೂರಿಗೆ ಹೋಗಲೇಬೇಕಾಗಿತ್ತು, ಅಷ್ಟೇ. ಅದರಲ್ಲೂ ಅದೇ ಉದಾಸೀನವಿದೆ, ಉಳಿಯ ಗೆರೆ ಹಾಗೆಯೇ ಬಿಟ್ಟಿರುತ್ತದೆ. ನನ್ನ ಮಾನದಂಡದಲ್ಲಿ ಅದೂ ಅಸಲಿಯ ಕಡೆಯದ್ದೇ. ಕಾನೂನಿನ ಕಣ್ಣು ಬೇರೆ. 2021ರ ಕೇಂದ್ರ ನಿಯಮದಂತೆ ಐವತ್ತು ದಾಟಿದ ವಾಹನಕ್ಕೆ ‘ವಿಎ’ ಎಂಬ ವಿಂಟೇಜ್ ನಂಬರು ಬೇಕಾದರೆ ಅದು ಮೂಲರೂಪದಲ್ಲೇ ಇರಬೇಕು; ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಕೂಡದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಐವತ್ತು ದಾಟಿದ ಮೇಲೂ ಮೂಲರೂಪದಲ್ಲಿ ಇರಬೇಕೆಂಬ ಷರತ್ತನ್ನು ಕಾರುಗಳು ಪೂರೈಸಬಹುದೇನೋ. ಅರ್ಜಿ ಹಾಕುವ ಮಾಲೀಕರಿಗೆ ಅದನ್ನು ಅನ್ವಯಿಸದಿರುವುದು ಸರಕಾರದ ದೊಡ್ಡ ಮನಸ್ಸು.

ಕೊನೆಯ ಆಕ್ಷೇಪ ಮನೆಯೊಳಗಿನಿಂದ ಬರುತ್ತದೆ: ಅಸಲಿ ಎಂದು ಇಷ್ಟು ಹಾರಾಡುತ್ತೀರಲ್ಲ, ಎಲ್ಲವೂ ಅಸಲಿಯೇ ಆಗಬೇಕೇ? ಖಂಡಿತ ಬೇಡ. ದೀಪ, ಹಿಡಿಕೆ, ಮೀಟರು, ಲಾಂಛನ ಇವು ಹಳತಾದಷ್ಟೂ ಚೆಂದ. ಟಯರು, ವಯರಿಂಗು, ಬ್ರೇಕಿನ ರಬ್ಬರು ಈ ಮೂರರಲ್ಲಿ ಮಾತ್ರ ನಾನು ಕಟ್ಟಾ ಡುಪ್ಲಿಕೇಟ್ ಪಕ್ಷದವನು. 1938ರ ರಬ್ಬರನ್ನೇ ನೆಚ್ಚಿಕೊಂಡು ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿಯುವವರಿಗೆ, ಕಾರಿನ ಒರಿಜಿನಲ್ ಮಾಲೀಕರನ್ನೇ ಮುಖತಃ ಕಂಡು ಯಾವ ಪಾರ್ಟು ಅಸಲಿ ಎಂದು ವಿಚಾರಿಸುವ ಯೋಗ ಸ್ವಲ್ಪ ಬೇಗನೇ ಕೂಡಿಬರುತ್ತದೆ.