ಹನ್ನೆರಡು ಕೊಟ್ಟು ಐವತ್ತು ತಗೊಂಡಿದ್ದು

ನಾನು ಬಿ.ಕಾಂ. ಓದಿದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಮುಖ ಇರುವುದಿಲ್ಲ.

ಮೂರನೇ ಕ್ಲಾಸಿನ ನನ್ನ ಮಗನಿಗೆ ದುಡ್ಡು ಎಂದರೆ ಅಂಗಡಿಯ ಡಬ್ಬಿಯೊಳಗಿಂದ ಬರುವ ಒಂದು ದನಿ. ನಾನು ಫೋನು ಹಿಡಿದರೆ ಸಾಕು, ಇಷ್ಟು ರೂಪಾಯಿ ಬಂತೆಂದು ಅದು ಬೀದಿಗೆಲ್ಲ ಸಾರುತ್ತದೆ. ಬಾಕಿ, ಚಿಲ್ಲರೆ ಎಂಬ ತಾಪತ್ರಯವೇ ಇಲ್ಲ. ಅದಕ್ಕೇ ಇರಬೇಕು, ‘ಅಂಗಡಿಯವನು ರಾಮುವಿಗೆ ಎಷ್ಟು ಹಿಂತಿರುಗಿಸಬೇಕು?’ ಎಂಬ ಪ್ರಶ್ನೆಗೆ ಇವನು ‘ಏನೂ ಬೇಡ, ರಾಮು ಸ್ಕ್ಯಾನ್ ಮಾಡಲಿ’ ಎಂದು ಬರೆದು ಬಂದಿದ್ದ.

ಊಟದ ಮೇಜಿನ ಮೇಲೆ ಪಾಠ ಶುರುವಾಯಿತು. ನೂರರಲ್ಲಿ ಅರವತ್ತೆರಡು ಕಳೆ. “ಸೊನ್ನೆಯಲ್ಲಿ ಎರಡು ಹೋಗಲ್ಲ. ಪಕ್ಕದ ಮನೇಲಿ ಕೈಗಡ ಕೇಳು. ಅಲ್ಲೂ ಸೊನ್ನೆ. ಅವರು ಆಚೆ ಮನೇಲಿ ಕೇಳ್ತಾರೆ.”

“ಕೈಲಿ ನೂರು ರೂಪಾಯಿ ಇಟ್ಕೊಂಡು ಊರೆಲ್ಲ ಕೈಗಡ ಯಾಕಮ್ಮಾ?”

ಹೂ ಕಟ್ಟುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. “ಕಳೀಬೇಡ ಕಣೋ, ಕೂಡಿಸ್ಕೊಂಡು ಹೋಗು. ಅರವತ್ತೆರಡಕ್ಕೆ ಮೂರು ಹಾಕು, ಅರವತ್ತೈದು. ಐದು ಹಾಕು, ಎಪ್ಪತ್ತು. ಮೂವತ್ತು ಹಾಕು, ನೂರಾಯ್ತು. ಎಷ್ಟು ಹಾಕ್ದೆ?”

“ಮೂವತ್ತೆಂಟು!”

ಅತ್ತೆ ಓದಿದ್ದು ನಾಲ್ಕನೇ ಕ್ಲಾಸು. ಅವರ ತಂದೆಗೆ ಅಂಗಡಿ ಇತ್ತು. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂದಾಗ ಇವರಿಗೆ ಎಂಟು ವರ್ಷ. ಒಂದಾಣೆಗೆ ಆರು ಪೈಸೆ, ನಾಲ್ಕಾಣೆಗೆ ಇಪ್ಪತ್ತೈದು. ಒಂದೊಂದಾಣೆಯಾಗಿ ನಾಲ್ಕು ಸಲ ಕೊಟ್ಟರೆ ಇಪ್ಪತ್ನಾಲ್ಕೇ. ಉಳಿದ ಆ ಒಂದು ಪೈಸೆ ಎಲ್ಲಿ ಹೋಯಿತು ಎಂದು ಅವರು ಇವತ್ತಿಗೂ ಕೇಳುತ್ತಾರೆ. ನನ್ನನ್ನು. ನಾನೇ ತೆಗೆದಿಟ್ಟುಕೊಂಡ ಹಾಗೆ.

ಅವಮಾನ ತಡೆಯದೆ ಮಗನನ್ನು ಸೊಪ್ಪಿನವಳ ಹತ್ತಿರ ಕರೆದುಕೊಂಡು ಹೋದೆ. ಎರಡು ಕಟ್ಟು ಸೊಪ್ಪು ನಲವತ್ತು, ಕಾಲು ಕೆಜಿ ಬೀನ್ಸ್ ಇಪ್ಪತ್ತೆರಡು. ಸರಿಯಾಗಿ ಅರವತ್ತೆರಡು, ದೇವರೇ ಲೆಕ್ಕ ಕೊಟ್ಟ ಹಾಗಿತ್ತು. ನೂರರ ನೋಟು ಕೊಟ್ಟೆ. ಮಗ ಮೂವತ್ತೆಂಟಕ್ಕೆ ಕೈ ಚಾಚಿ ನಿಂತ.

“ಹನ್ನೆರಡ್ ರೂಪಾಯ್ ಚಿಲ್ರೆ ಇದ್ದದಾ ಅಕ್ಕೋ? ಐವತ್ತು ಕೊಟ್ಬುಡ್ತೀನಿ.”

ಹತ್ತರದೊಂದು, ಎರಡರದೊಂದು ನಾಣ್ಯ ಕೊಟ್ಟೆ. ಹತ್ತರ ನಾಣ್ಯವನ್ನು ಅವಳು ತಿರುಗಿಸಿ ತಿರುಗಿಸಿ ನೋಡಿದಳು. (ಅದು ನಡೆಯುವುದಿಲ್ಲ ಎಂದು ಯಾವ ಪುಣ್ಯಾತ್ಮ ಹಬ್ಬಿಸಿದನೋ, ನಡೆಯುತ್ತದೆ ಎಂದು ರಿಸರ್ವ್ ಬ್ಯಾಂಕೇ ಹೇಳಿದರೂ ಕೇಳುವವರಿಲ್ಲ.) ಐವತ್ತರ ನೋಟು ನನ್ನ ಕೈಗೆ ಬಂತು.

“ಅವರು ನಮಗೆ ಕೊಡಬೇಕು ತಾನೆ? ನಾವ್ಯಾಕೆ ಅವರಿಗೆ ಕೊಟ್ವಿ?” ಎಂದ ಮಗ.

ಅಲ್ಲಿಗೆ ಸುಮ್ಮನೆ ಮನೆಗೆ ಬರಬಹುದಿತ್ತು. ನನ್ನೊಳಗಿನ ಬಿ.ಕಾಂ. ಬಿಡಲಿಲ್ಲ. “ಒಂದ್ನಿಮಿಷ ಕೊಡವ್ವ” ಎಂದು ಆ ಹನ್ನೆರಡನ್ನು ವಾಪಸ್ ಇಸಿದುಕೊಂಡೆ. “ನೋಡು, ಈಗ ನಾವು ಕೊಟ್ಟೇ ಇಲ್ಲ ಅಂದ್ಕೋ. ಅವರು ಮೂವತ್ತೆಂಟು ಕೊಡಬೇಕು. ಆದರೆ ಐವತ್ತು ಕೊಟ್ಟಿದ್ದಾರೆ. ಅಂದರೆ ನಮ್ಮ ಹನ್ನೆರಡು ಇದರ ಹೊಟ್ಟೆಯೊಳಗಿದೆ.” ಮಗ ನೋಟನ್ನು ಬೆಳಕಿಗೆ ಹಿಡಿದು ಹೊಟ್ಟೆ ಹುಡುಕಿದ. ಹಂಪಿಯ ರಥ ಕಂಡಿತು, ಹನ್ನೆರಡು ಕಾಣಲಿಲ್ಲ. ನೋಟು ಎಡಗೈಗೆ, ನಾಣ್ಯ ಬಲಗೈಗೆ. ಮತ್ತೆ ಅದಲು ಬದಲು. ಒಂದು ಕೈ ನಾನಂತೆ, ಇನ್ನೊಂದು ಸೊಪ್ಪಿನವಳಂತೆ. ನಡುವೆ ಯಾವ ಕೈ ಯಾರದ್ದೆಂದು ನನಗೇ ಮರೆಯಿತು. ಹಿಂದೆ ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದವರು, “ಮೇಡಂ, ಎರಡು ಕಟ್ಟು ದಂಟು ತಗೊಂಡು ಹೋಗ್ಲಾ? ಮುಂದಿನ ಪಾಠಕ್ಕೆ ಬರ್ತೀನಿ” ಎಂದರು. “ಅರ್ಥ ಆಯ್ತಾ?” ಎಂದೆ. ಆಯ್ತು ಎಂದ, ಹಸಿವಾಗಿತ್ತು.

ಮನೆಯಲ್ಲಿ ಅತ್ತೆ ಮೊಮ್ಮಗನನ್ನು ಕೂರಿಸಿಕೊಂಡು ಲೆಕ್ಕ ಕೇಳಿದರು. ನೂರಾಹನ್ನೆರಡು ತಗೊಂಡು ಹೋಗಿದ್ದು. ತಂದಿದ್ದು ಸೊಪ್ಪು, ಬೀನ್ಸು, ಐವತ್ತರ ನೋಟು. ಮತ್ತೆ ನನ್ನ ಮುಷ್ಟಿಯಲ್ಲಿ, ಬೆವೆತ ಹನ್ನೆರಡು ರೂಪಾಯಿ.

“ಹೋಗ್ಲಿ ಬಿಡು, ಹನ್ನೆರಡು ರೂಪಾಯಿ ತಾನೆ” ಎಂದರು ನಮ್ಮ ಯಜಮಾನರು, ಪೇಪರಿನ ಹಿಂದಿನಿಂದ. ಆಟೋದವರು ಎರಡು ರೂಪಾಯಿ ಚಿಲ್ಲರೆ ಇಲ್ಲವೆಂದರೆ ಮನೆ ಗೇಟಿನಲ್ಲಿ ಕಾಲು ಗಂಟೆ ನಿಲ್ಲುವ ಮನುಷ್ಯ! ಬಿಸಿಲಲ್ಲಿ ಗೋಣಿತಾಟಿನ ಮೇಲೆ ಕೂತವಳ ದುಡ್ಡಾದರೆ ‘ತಾನೆ’. ನನಗೆ ನಿಜಕ್ಕೂ ಸಿಟ್ಟು ಬಂತು. ಮಗ ಇಬ್ಬರ ಮುಖವನ್ನೂ ನೋಡುತ್ತಿದ್ದ.

ವಾಪಸ್ ಹೋದೆವು. ಮಗನೇ ಕೊಟ್ಟ, ಈ ಸಲ ಹತ್ತರ ನೋಟು, ಎರಡರ ನಾಣ್ಯ.

“ಆ ಕಾಸು ಬದಲಾಯ್ಸಿ ನೋಟು ಕೊಡ್ತಾರೆ ಅನ್ಕಂಡು ಕಾಯ್ತಾ ಕೂತಿದ್ದೆ ಕಣಕ್ಕ” ಎಂದಳು. “ಮಗೀಗೆ ಪಾಠ ಏಳ್ತಿದ್ರಿ, ನಡುವೆ ಎಂಗೆ ಕೇಳೋದು? ನೋಡಿದ್ರೆ ಚೀಲ ಎತ್ಕಂಡು ಒಂಟೇ ಓದ್ರಿ.”

ಈಗ ಸೊಪ್ಪಿಗೆ ಅತ್ತೆ, ಮೊಮ್ಮಗ ಹೋಗುತ್ತಾರೆ. ನಾನು ಚೀಲ ಒಗೆದು ಕೊಡುತ್ತೇನೆ.