ತೂತಿಗೊಬ್ಬ ತಜ್ಞ

ನಮ್ಮ ಭಾವ ಪೀಣ್ಯದ ಕಾರ್ಖಾನೆಯೊಂದರಿಂದ ನಿವೃತ್ತರಾದವರು. ಬೀಳ್ಕೊಡುಗೆಯಲ್ಲಿ ಶಾಲು, ಹಾರ, ಗಡಿಯಾರ ಕೊಟ್ಟರು; ಯಂತ್ರ ಕೊಡಲಿಲ್ಲ. ಅಂದಿನಿಂದ ಕಾರ್ ಶೆಡ್ಡಿಗೆ ‘ವರ್ಕ್‌ಶಾಪ್’ ಎಂದು ಹೆಸರು, ಕಾರಿಗೆ ಬೀದಿಯೇ ಗತಿ. ಒಳಗೊಂದು ಬೆಂಚು. ಅದರ ಮೇಲೆ ಬರಲಿರುವ ಬೆಂಚ್ ಡ್ರಿಲ್ಲಿಗೆಂದು ಕಾದಿರಿಸಿದ ಖಾಲಿ ಜಾಗ.

ಬೇಕಾದ್ದು 13 ಎಂ.ಎಂ. ಚಕ್ಕು, ಅರ್ಧ ಎಚ್.ಪಿ. ಸಿಂಗಲ್ ಫೇಸ್ ಮೋಟಾರು, ಅಷ್ಟೆ. ಎಸ್.ಪಿ. ರಸ್ತೆಗೆ ಹೋದರೆ ಸಿಗುತ್ತದೆ. ಆದರೆ ಭಾವನವರಿಗೆ ಮೊಮ್ಮಗನ ಕಾಲಕ್ಕೂ ಬಾಳುವಂಥದೇ ಆಗಬೇಕು. ಹಾಗಾಗಿ ಅಂಗಡಿಗೆ ಹೊರಟಾಗ ಚೀಲದಲ್ಲಿ ದುಡ್ಡಿರುತ್ತದೋ ಇಲ್ಲವೋ, ಡಯಲ್ ಗೇಜ್ ಇದ್ದೇ ಇರುತ್ತದೆ. ಮೊದಲು ಯಂತ್ರದ ಬುಡವನ್ನು ತೆಂಗಿನಕಾಯಿಯಂತೆ ಬಡಿದು ಕಿವಿಗೊಡುತ್ತಾರೆ. ಎರಕದಲ್ಲಿ ಬಿರುಕಿದ್ದರೆ ದನಿ ಒಡೆದಿರುತ್ತದೆ. ಆಮೇಲೆ ಸ್ಪಿಂಡಲ್ ಪೂರ್ತಿ ಇಳಿಸಿ, ಚಕ್ಕು ಹಿಡಿದು ಅಲ್ಲಾಡಿಸುತ್ತಾರೆ.

“ಪ್ಲೇ ಇದೆಯಲ್ಲಯ್ಯಾ!”

“ಸಾರ್, ಹೊಸಾ ಮಿಷನ್ನು.”

“ಹೊಸದರಲ್ಲೇ ಹೀಗಾದ್ರೆ ಹಳೇದಾದ ಮೇಲೆ?”

ಅಂಗಡಿಯವನು ಟೀ ತರಿಸುತ್ತಾನೆ.

ನ್ಯಾಯವಾಗಿ ಹೇಳಬೇಕೆಂದರೆ ಭಾವನವರ ಮಾತಿನಲ್ಲಿ ತಪ್ಪೇ ಇಲ್ಲ. ಬಾಳಿಕೆ ಇರುವುದು ಬಣ್ಣದಲ್ಲಲ್ಲ, ತೂಕದಲ್ಲಿ. ಎರಕದ ಕಬ್ಬಿಣ ಕಂಪನವನ್ನು ನುಂಗಿಕೊಳ್ಳುತ್ತದೆ, ತಗಡಿನ ಬುಡ ಜೊತೆಗೆ ತಾನೂ ಕುಣಿಯುತ್ತದೆ. ಮೋಟಾರು ಸುಟ್ಟರೆ ರೀವೈಂಡ್ ಮಾಡಿಸಬಹುದು, ಬೆಲ್ಟ್ ಹರಿದರೆ ಬೇರೆ ಹಾಕಬಹುದು. ಸ್ಪಿಂಡಲನ್ನು ಹೊತ್ತು ಇಳಿಯುವ ಕ್ವಿಲ್ ಸಡಿಲವಾದರೆ ಮಾತ್ರ ತೂತು ನೆಟ್ಟಗೆ ಬೀಳುವುದಿಲ್ಲ. ಪುಲ್ಲಿ ಬದಲಿಸಿ ವೇಗ ಇಳಿಸಲೂ ಬರಬೇಕು. ಮೈಲ್ಡ್ ಸ್ಟೀಲಿನಲ್ಲಿ 10 ಎಂ.ಎಂ. ಬಿಟ್ಟಿಗೆ ನಿಮಿಷಕ್ಕೆ ಸುಮಾರು 800 ಸುತ್ತು ಸಾಕು. ದಪ್ಪ ಬಿಟ್ಟನ್ನು ಮನಸ್ಸಿಗೆ ಬಂದಷ್ಟು ಜೋರಾಗಿ ತಿರುಗಿಸಿದರೆ ಅದರ ಮೂತಿ ಸುಟ್ಟು ಹೋಗುತ್ತದೆ. ಇಷ್ಟೆಲ್ಲ ಬಲ್ಲವರು ಸುಮ್ಮನೆ ಹೇಗೆ ಕೊಂಡಾರು? ಸದ್ಯಕ್ಕೆ ಮಷಿನ್ ವೈಸ್ ಒಂದನ್ನು ತಂದಿದ್ದಾರೆ. ಕೆಲಸವಿಲ್ಲದ ಅದಕ್ಕೆ ತಪ್ಪದೆ ಎಣ್ಣೆ ಬೀಳುತ್ತದೆ.

ಅಕ್ಕನ ತಕರಾರೇ ಬೇರೆ. “ದೇವರಮನೆಗೆ ಒಂದು ಶೆಲ್ಫ್ ಹಾಕ್ಕೊಡ್ರೀ ಅಂದ್ರೆ ಡ್ರಿಲ್ ಬರಲಿ ಅಂತೀರಲ್ಲ!”

“ಬ್ರಾಕೆಟ್ಟನ್ನ ಪೇಟೆಯಿಂದ ತರೋದೇನೇ? ಮನೇಲೇ ತೂತು ಕೊರೆದು ಮಾಡ್ತೀನಿ.”

“ಸರಿ, ಗೋಡೆ ತೂತಿಗೆ?”

“ಬೆಂಚ್ ಡ್ರಿಲ್ ಗೋಡೆಗೆ ಬರಲ್ಲ ಕಣೇ. ಅದಕ್ಕೆ ಬೇರೆ ಡ್ರಿಲ್ ಬೇಕು.”

ಆ ಬೇರೆ ಡ್ರಿಲ್ಲಿನ ಸಂಶೋಧನೆ ಇನ್ನೂ ಆರಂಭವಾಗಿಲ್ಲ.

ನೀವೂ ಬೆಂಚ್ ಡ್ರಿಲ್ ಕೊಳ್ಳುವ ಯೋಚನೆಯಲ್ಲಿದ್ದರೆ ಭಾವನವರನ್ನು ಧಾರಾಳವಾಗಿ ಕರೆದುಕೊಂಡು ಹೋಗಿ. ಕಳಪೆ ಮಾಲು ನಿಮ್ಮ ಮನೆಗೆ ಖಂಡಿತ ಬರುವುದಿಲ್ಲ. ಒಳ್ಳೆಯದೂ ಬರುವುದಿಲ್ಲ.