ಕಟಿಂಗ್ ಸೆಕ್ಷನ್ ಅಂದ್ರೆ ಅಷ್ಟು ಸಸಾರವೇ?

ಅಲ್ಲ ಅಕ್ಕ, ಮಗನಿಗೆ ಪೀಣ್ಯದಲ್ಲಿ ಕೆಲಸ ಸಿಕ್ತು ಅಂತ ಸಂತೋಷ ಪಡೋದು ಬಿಟ್ಟು, "ಬರೀ ಕಟಿಂಗ್ ಮಷಿನ್ನಂತೆ" ಅಂತ ಯಾಕೆ ಮುಖ ಸಣ್ಣ ಮಾಡ್ಕೊಂಡಿದ್ದೀರಿ? ಐಟಿಐಯಲ್ಲಿ ಎರಡು ವರ್ಷ ಟರ್ನರ್ ಓದಿದವನನ್ನ ಕಬ್ಬಿಣ ಕೊಯ್ಯೋಕೆ ನಿಲ್ಲಿಸ್ತಾರಲ್ಲ ಅಂತ ನಿಮಗೆ ಬೇಜಾರು. ಆ ಮಾತು ಶೆಡ್ಡುಗಳ ಒಳಗೂ ಇದೆ. ಸಿಎನ್‌ಸಿಯವನಿಗೆ ಒಂದು ಮರ್ಯಾದೆ, ಗ್ರೈಂಡಿಂಗ್‌ನವನಿಗೆ ಒಂದು ಹಿಡಿ ಜಾಸ್ತಿ, ಕಟಿಂಗ್‌ನವನು ಅಂದ್ರೆ ಹೆಲ್ಪರ್. ಅವನ ಮಷಿನು ಯಾವಾಗಲೂ ಶಟರ್ ಪಕ್ಕದಲ್ಲೇ, ಬಿಸಿಲೂ ಇರಚಲೂ ಎರಡೂ ಬೀಳೋ ಕಡೆ. ಆ ಜಾಗದಲ್ಲಿ ನಿಂತೇ ನಾನು ಸಂಸಾರ ಸಾಗಿಸಿದ್ದು, ಅದಕ್ಕೇ ಹೇಳ್ತೀನಿ. ಗೇಟಿನೊಳಗೆ ಬಂದ ಮಾಲಿನ ಮೇಲೆ ಮೊದಲು ಕೈ ಇಡೋನು ಅವನೇ. ತುಂಡು ಉದ್ದ ಆದ್ರೆ ಮುಂದಿನವನು ತೆಗೀತಾನೆ. ಗಿಡ್ಡ ಆಯ್ತೋ, ಮುಂದೆ ಎಷ್ಟು ಲಕ್ಷದ ಮಷಿನಿದ್ರೂ ಅದು ಸ್ಕ್ರ್ಯಾಪೇ.

ಲೆಕ್ಕದಿಂದಲೇ ಶುರು ಮಾಡೋಣ. ರೌಂಡ್ ಬಾರು ಆರು ಮೀಟರಿನದು ಬರುತ್ತೆ ಅನ್ನಿ. 58 ಮಿಲಿಮೀಟರ್ ಉದ್ದದ ತುಂಡು ಬೇಕು. 6000ನ 58ರಿಂದ ಭಾಗಿಸಿ, ಆಫೀಸಿನಲ್ಲಿ ಕೂತವರು 103 ಬರುತ್ತೆ ಅಂತ ಬರೀತಾರೆ. ಆದ್ರೆ ಬ್ಲೇಡೂ ತನ್ನ ಪಾಲು ತಿನ್ನುತ್ತಲ್ಲ! ಬ್ಯಾಂಡ್‌ಸಾ ಬ್ಲೇಡಿನ ಹಲ್ಲುಗಳನ್ನ ಎಡಕ್ಕೊಂದು ಬಲಕ್ಕೊಂದು ಬಗ್ಗಿಸಿರ್ತಾರೆ, ಹಾಗಾಗಿ ಒಂದೊಂದು ಕಟ್ಟಿಗೂ ಒಂದೂವರೆ ಮಿಲಿಮೀಟರಿಗಿಂತ ಚೂರು ಜಾಸ್ತಿ ಪುಡಿಯಾಗಿ ಹೋಗುತ್ತೆ. 1.6 ಅಂತಲೇ ಹಿಡೀರಿ, ನೂರು ಕಟ್ಟಿಗೆ 160 ಮಿಲಿಮೀಟರ್ ಮಾಯ. ಬಾರಿನ ಮುಂದಿನ ತುದಿ ಓರೆ ಇರುತ್ತೆ, ಅದನ್ನ ಮೊದಲು ಸವರಿ ಬಿಸಾಕಬೇಕು. ಹಿಂದಿನ ತುದಿ ವೈಸ್ ಹಿಡಿಯೋಕೆ ಬೇಕು. ನೂರು ಬಂದ್ರೆ ಅದೇ ಪುಣ್ಯ. ತೂಕಕ್ಕೆ ನಮ್ಮಲ್ಲಿ ಒಂದು ಸೂತ್ರ ಎಲ್ಲರ ಬಾಯಲ್ಲೂ ಇದೆ: ವ್ಯಾಸವನ್ನ ವ್ಯಾಸದಿಂದಲೇ ಗುಣಿಸಿ 162ರಿಂದ ಭಾಗಿಸಿದ್ರೆ, ಉಕ್ಕಿನ ರೌಂಡ್ ಬಾರು ಒಂದು ಮೀಟರಿಗೆ ಎಷ್ಟು ಕಿಲೋ ಅಂತ ಸಿಗುತ್ತೆ. 50 ಮಿಲಿಮೀಟರ್ ವ್ಯಾಸದ ಬಾರು ಮೀಟರಿಗೆ ಸುಮಾರು ಹದಿನೈದೂವರೆ ಕಿಲೋ. ಅಂದ್ರೆ ಆ ನೂರು ಕಟ್ಟಿನ ಪುಡಿಯೇ ಎರಡೂವರೆ ಕಿಲೋ ಹತ್ರ. ಈ ಲೆಕ್ಕ ಬಾಯಲ್ಲಿ ಹೇಳೋ ಹುಡುಗನನ್ನ ಯಾರೂ ಹೆಲ್ಪರ್ ಅನ್ನಬಾರದು.

ಇನ್ನೊಂದಿದೆ, ಇದು ನನಗೆ ಲೆಕ್ಕಕ್ಕಿಂತ ದೊಡ್ಡದು. ಬಾರಿನ ಒಂದು ತುದಿಗೆ ಬಣ್ಣ ಬಳಿದಿರ್ತಾರೆ, ಯಾವ ಗ್ರೇಡು ಅಂತ ಗುರುತಿಗೆ. ಇಎನ್8 ಮತ್ತು ಇಎನ್24 ಪಕ್ಕಪಕ್ಕ ಮಲಗಿಸಿದ್ರೆ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ. ಒಂದು ಸಾದಾ ಇಂಗಾಲದ ಉಕ್ಕು, ಇನ್ನೊಂದರಲ್ಲಿ ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಸೇರಿರುತ್ತೆ. ಬಲದಲ್ಲೂ ಬೆಲೆಯಲ್ಲೂ ಅಜಗಜಾಂತರ. ಅದಕ್ಕೇ ಕಟ್ ಮಾಡೋವಾಗ ಬಣ್ಣ ಇಲ್ಲದ ತುದಿಯಿಂದ ಶುರು ಮಾಡ್ಬೇಕು. ಬಣ್ಣದ ಕಡೆಯಿಂದ ಕೊಯ್ದ್ರೆ ಗುರುತು ಮೊದಲ ತುಂಡಿನ ಜೊತೆ ಹೊರಟೋಗುತ್ತೆ, ಉಳಿದದ್ದು ಅನಾಥ. ಹಾಗೆ ಅನಾಥವಾದ ಬಾರನ್ನ ಯಾರೋ ನಾಳೆ ರ‍್ಯಾಕಿನಿಂದ ಎಳೆದು ಶಾಫ್ಟ್ ಮಾಡ್ತಾರೆ, ಅದು ಎಲ್ಲಿಗೋ ಹೋಗಿ ಕೂತ್ಕೊಂಡು ಒಂದು ದಿನ ಮುರಿಯುತ್ತೆ. ಮುರಿದಾಗ ಎದುರಿಗೆ ಯಾರು ನಿಂತಿರ್ತಾರೋ ದೇವರಿಗೇ ಗೊತ್ತು. ಇದನ್ನ ಯಾವ ಪುಸ್ತಕದಲ್ಲಿ ಬರೆದಿದೆಯೋ ಇಲ್ಲವೋ, ನಿಮ್ಮ ಮಗನಿಗೆ ಮಾತ್ರ ಮೊದಲ ದಿನವೇ ಹೇಳಿ.

ಬ್ಯಾಂಡ್‌ಸಾ ನೋಡಿದ್ದೀರಾ? ಎರಡು ಚಕ್ರದ ಮೇಲೆ ಪಟ್ಟಿ ಹಾಗೆ ಸುತ್ತೋ ಬ್ಲೇಡು, ನಿಧಾನಕ್ಕೆ ಬಾರಿನ ಮೇಲೆ ಇಳಿಯುತ್ತೆ, ಮೇಲಿಂದ ಕೂಲೆಂಟು ಬೆಳ್ಳಗೆ ಸುರೀತಾ ಇರುತ್ತೆ. ನೋಡೋಕೆ ಏನೂ ಇಲ್ಲ, ಬಟನ್ ಒತ್ತಿ ಕೂತ್ಕೊಂಡ್ರೆ ಆಯ್ತು ಅನ್ಸುತ್ತೆ. ಕೇಳೋಕೆ ಮಾತ್ರ ಬೇಕಾದಷ್ಟಿದೆ. ದುಂಡನೆ ಬಾರಿನ ಮೇಲ್ತುದಿಯಲ್ಲಿ ಬ್ಲೇಡು ಮುಟ್ಟಿದಾಗ ಸದ್ದು ತೆಳು. ನಡುವಿಗೆ ಬರ್ತಾ ಬರ್ತಾ ಹಲ್ಲಿಗೆ ಸಿಗೋ ಉದ್ದ ಹೆಚ್ಚಾಗುತ್ತೆ, ಸದ್ದು ದಪ್ಪಗಾಗುತ್ತೆ. ನಡು ದಾಟಿದ ಮೇಲೆ ಮತ್ತೆ ತೆಳು. ಈ ಏರಿಳಿತ ಸರಾಗ ಇದ್ರೆ ನೀವು ಪಕ್ಕದ ಕೆಲಸ ನೋಡಬಹುದು. ಕಿರ್ರ್ ಅಂತು ಅಂದ್ರೆ ಬ್ಲೇಡು ಕೊಯ್ತಾ ಇಲ್ಲ, ಸುಮ್ನೆ ಉಜ್ಜುತಾ ಇದೆ. ಬ್ಲೇಡು ಒಂದು ಸುತ್ತು ಬಂದಾಗೆಲ್ಲ ಟಕ್ ಅಂತ ಒಂದೇ ಏಟು ಬಿದ್ರೆ ಎಲ್ಲೋ ಹಲ್ಲು ಉದುರಿದೆ. ಆಗ ಓಡಿ ಬಂದು ನಿಲ್ಲಿಸಬೇಕು. ಒಂದು ಹಲ್ಲು ಹೋದ ಜಾಗದಲ್ಲಿ ಹಿಂದಿನ ಹಲ್ಲಿಗೆ ಎರಡರಷ್ಟು ಏಟು, ಹಾಗೇ ಸಾಲಾಗಿ ಉದುರ್ತಾ ಹೋಗುತ್ತೆ.

ಹಲ್ಲಿನ ವಿಷಯಕ್ಕೇ ಒಂದು ನಿಯಮ ಇದೆ. ಯಾವ ಕ್ಷಣದಲ್ಲೂ ಕನಿಷ್ಠ ಮೂರು ಹಲ್ಲು ಮಾಲಿನ ಒಳಗಿರಬೇಕು. ದಪ್ಪ ಬಾರಿಗೆ ದೊಡ್ಡ ಹಲ್ಲು, ತೆಳು ಪೈಪಿಗೆ ಸಣ್ಣ ಹಲ್ಲು. ದೊಡ್ಡ ಹಲ್ಲಿನ ಬ್ಲೇಡು ಹಾಕಿ ತೆಳು ಪೈಪು ಕೊಯ್ಯೋಕೆ ಹೋದ್ರೆ ಪೈಪಿನ ಗೋಡೆ ಎರಡು ಹಲ್ಲಿನ ಸಂದಿಗೆ ಸಿಕ್ಕಿಹಾಕಿಕೊಂಡು ಬ್ಲೇಡೇ ಬೋಳಾಗುತ್ತೆ. ಹೊಸ ಬ್ಲೇಡನ್ನ ಹಳೇ ಕಟ್ಟಿನೊಳಗೆ ಇಳಿಸಬಾರದು. ಹಳೇ ಬ್ಲೇಡು ಸವೆದಿರೋದ್ರಿಂದ ಅದು ಮಾಡಿದ ಸಂದಿ ಕಿರಿದು, ಹೊಸದು ಅದರಲ್ಲಿ ಸಿಕ್ಕಿ ಕಚ್ಚಿಕೊಳ್ಳುತ್ತೆ. ಬಾರು ತಿರುಗಿಸಿ ಬೇರೆ ಕಡೆಯಿಂದ ಶುರು ಮಾಡ್ಬೇಕು. ಹೊಸ ಬ್ಲೇಡಿಗೆ ಮೊದಲ ಕೆಲವು ಕಟ್ಟು ಅರ್ಧ ಒತ್ತಡದಲ್ಲೇ ಕೊಡ್ಬೇಕು, ಚೂಪು ತುದಿ ಸ್ವಲ್ಪ ಪಳಗಲಿ ಅಂತ. ಅರ್ಜೆಂಟು ಅಂತ ಸೂಪರ್‌ವೈಸರ್ ಕೂಗ್ತಾನೆ. ಕೂಗಲಿ, ಪಳಗಿಸದೆ ಓಡಿಸಿದ ಬ್ಲೇಡು ಎಷ್ಟು ಬೇಗ ಕೈಕೊಡುತ್ತೆ ಅಂತ ಅವನಿಗೂ ಗೊತ್ತು.

ಚಿಪ್ಸು ನೋಡೋದನ್ನ ಕಲೀಬೇಕು. ಬೆಳ್ಳಗೆ, ಸುರುಳಿ ಸುತ್ಕೊಂಡು, ಮುಟ್ಟಿದ್ರೆ ಬೆಚ್ಚಗಿದ್ರೆ ಸರಿ ಇದೆ. ಪುಡಿಪುಡಿ ಬಂದ್ರೆ ಒತ್ತಡ ಸಾಲದು. ದಪ್ಪಗೆ, ನೀಲಿಗಟ್ಟಿ ಬಂದ್ರೆ ಅತಿಯಾಗಿದೆ. ಸ್ಟೇನ್‌ಲೆಸ್ ಸ್ಟೀಲಿಗೆ ಇನ್ನೊಂದು ಸ್ವಭಾವ. ಅಂಜಿಕೊಂಡು ಮೆಲ್ಲಗೆ ಸವರ್ತಾ ಇದ್ರೆ ಮೇಲ್ಮೈ ಇನ್ನಷ್ಟು ಗಟ್ಟಿಯಾಗಿ ಬ್ಲೇಡನ್ನೇ ತಿನ್ನುತ್ತೆ. ವೇಗ ಕಡಿಮೆ, ಒತ್ತು ಧೈರ್ಯವಾಗಿ, ಅದೇ ಅದಕ್ಕೆ ಮದ್ದು. ಅಲ್ಯೂಮಿನಿಯಂ ಮೆತ್ತಗೆ ಅಂತ ಸದರ ಮಾಡ್ಕೊಂಡ್ರೆ ಹಲ್ಲಿನ ಸಂದಿಯಲ್ಲೆಲ್ಲ ಮೆತ್ಕೊಂಡು ಕೂರುತ್ತೆ.

ಪ್ಲಾಸ್ಟಿಕ್ಕು! ಎಲ್ಲರೂ ಇದನ್ನ ಸುಲಭ ಅಂತಾರೆ, ನನಗೆ ಹೆಚ್ಚು ತಲೆ ಕೆಡಿಸಿದ್ದೇ ಇದು. ಕಬ್ಬಿಣಕ್ಕೆ ಶಾಖ ಕೊಟ್ರೆ ಅದು ಮೈಯೆಲ್ಲ ಹಂಚಿಕೊಳ್ಳುತ್ತೆ. ಪ್ಲಾಸ್ಟಿಕ್ಕಿಗೆ ಆ ಗುಣ ಇಲ್ಲ, ಶಾಖ ಕೊಯ್ದ ಜಾಗದಲ್ಲೇ ನಿಂತು ಕರಗಿಸುತ್ತೆ. ಬ್ಲೇಡು ಮುಂದೆ ಕೊಯ್ತಾ ಹೋದ ಹಾಗೆ ಹಿಂದೆ ಅಂಟಿಕೊಂಡು ಬರೋದನ್ನ ನಾನು ಕಣ್ಣಾರೆ ನೋಡಿದ್ದೀನಿ. ನೈಲಾನಿನ ಸಿಪ್ಪೆ ಒತ್ತು ಶಾವಿಗೆ ಹಾಗೆ ಒಂದೇ ಎಳೆಯಲ್ಲಿ ಬರ್ತಾನೇ ಇರುತ್ತೆ, ಚಕ್ರಕ್ಕೆ ಸುತ್ಕೊಳ್ಳೋ ಮೊದಲೇ ಮಷಿನು ನಿಲ್ಲಿಸಿ ತೆಗೀಬೇಕು. ಅಳತೆ ಇನ್ನೂ ಕಷ್ಟ. 300 ಮಿಲಿಮೀಟರಿನ ಉಕ್ಕಿನ ತುಂಡು 20 ಡಿಗ್ರಿ ಬಿಸಿಯಾದ್ರೆ ಬೆಳೆಯೋದು 0.07 ಮಿಲಿಮೀಟರ್. ಅಷ್ಟೇ ಉದ್ದದ ನೈಲಾನು ಅಷ್ಟೇ ಬಿಸಿಗೆ ಸುಮಾರು ಅರ್ಧ ಮಿಲಿಮೀಟರ್ ಬೆಳೆಯುತ್ತೆ. ಕೊಯ್ದ ಬಿಸಿಯಲ್ಲೇ ವರ್ನಿಯರ್ ಹಿಡಿದು ಸರಿ ಇದೆ ಅಂತ ಡಬ್ಬಿಗೆ ಹಾಕಿದ್ರೆ, ಊಟ ಮುಗಿಸಿ ಬರೋ ಹೊತ್ತಿಗೆ ಗಿಡ್ಡ ಆಗಿರುತ್ತೆ. ಸಾಲದ್ದಕ್ಕೆ ನೈಲಾನು ಗಾಳಿಯ ತೇವವನ್ನೂ ಹೀರುತ್ತೆ. ಮಳೆಗಾಲದಲ್ಲಿ ಹೊರಗಿಟ್ಟ ರಾಡು, ಪ್ಯಾಕೆಟ್ಟಿನೊಳಗಿನ ರಾಡು ಎರಡೂ ಒಂದೇ ಅಳತೆ ತೋರ್ಸಲ್ಲ. ವೈಸಿನಲ್ಲಿ ಕಬ್ಬಿಣ ಹಿಡಿದ ಹಾಗೆ ಬಿಗಿದ್ರೆ ಅದು ಚಪ್ಪಟೆಯಾಗಿ, ಬಿಟ್ಟ ಮೇಲೆ ಬೇರೆ ಆಕಾರಕ್ಕೆ ಹೋಗುತ್ತೆ. ಅಕ್ರಿಲಿಕ್ ಹಾಳೆಯ ಮೇಲಿನ ಕಾಗದ ಕೆಲಸ ಮುಗಿಯೋವರೆಗೂ ಕೀಳಬಾರದು. ಕೊಯ್ದ ಅಂಚನ್ನ ಥಿನ್ನರಿನಿಂದ ಒರೆಸಿದ್ರೆ ಆಮೇಲೆ ಕೂದಲೆಳೆಯ ಬಿರುಕು ಬಿಡುತ್ತೆ.

ಈಗ ಲೇಸರ್ ಬಂದಿದೆಯಲ್ಲ ಅಂತೀರಿ. ಬಂದಿದೆ, ಸಂತೋಷ. ಹಾಳೆ ಮಾಲಿಗೆ ಅದರಂಥದ್ದಿಲ್ಲ, ಸಂದಿ ಕೂದಲಿನಷ್ಟು. ಆದ್ರೂ ಅಲ್ಲಿ ಮನುಷ್ಯನ ತಿಳಿವಳಿಕೆ ಕಡಿಮೆ ಬೇಕಾಗಲ್ಲ. ಎಂಎಸ್‌ಗೆ, ಅಂದ್ರೆ ಸಾದಾ ಉಕ್ಕಿಗೆ, ಆಕ್ಸಿಜನ್ ಗ್ಯಾಸು, ಅಂಚು ಬೆಳ್ಳಗೆ ಬೇಕು ಅಂದ್ರೆ ಸ್ಟೇನ್‌ಲೆಸ್‌ಗೆ ನೈಟ್ರೋಜನ್. ಫೈಬರ್ ಲೇಸರಿನ ಬೆಳಕು ಪಾರದರ್ಶಕ ಅಕ್ರಿಲಿಕ್ಕಿನೊಳಗೆ ಸುಮ್ನೆ ಹಾದುಹೋಗುತ್ತೆ, ಅದಕ್ಕೆ ಸಿಒ2 ಲೇಸರೇ ಆಗ್ಬೇಕು. ಪಿವಿಸಿಯನ್ನಂತೂ ಯಾವ ಲೇಸರಿಗೂ ಹಾಕಬಾರದು, ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಎದ್ದು ಮಷಿನಿಗೂ ತುಕ್ಕು, ಶ್ವಾಸಕೋಶಕ್ಕೂ ಗಾಯ. ಟೆಫ್ಲಾನ್ ಮುಟ್ಟಿದ ಕೈಯಲ್ಲಿ ಬೀಡಿ ಹಚ್ಚಿದ್ರೆ ಆ ಪುಡಿ ಸುಟ್ಟ ಹೊಗೆಗೆ ಚಳಿಜ್ವರ ಬರುತ್ತೆ. ಮಗ ಸೇದಲ್ಲ ಅಂತೀರಿ, ಪಕ್ಕದಲ್ಲಿ ನಿಂತವರಿಗಾದ್ರೂ ಹೇಳ್ಲಿ. ಇಂಥ ಹೊಸ ಮಷಿನುಗಳನ್ನ ನೋಡೋಕೆ, ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಜನವರಿಯಲ್ಲಿ ಇಮ್‌ಟೆಕ್ಸ್ ಯಂತ್ರಮೇಳ ನಡೆದಾಗ ಅವನನ್ನ ಕಳಿಸಿ. ಈಗ ಮಾದಾವರದವರೆಗೂ ಮೆಟ್ರೋ ಇದೆ, ಇಳಿದ್ರೆ ಪಕ್ಕದಲ್ಲೇ. 1953ರಲ್ಲಿ ಮಷಿನು ತಯಾರಿಸೋ ಎಚ್‌ಎಂಟಿ, 1962ರಲ್ಲಿ ಮಷಿನುಗಳ ಸಂಶೋಧನೆಗೆ ಸಿಎಂಟಿಐ, ಎಪ್ಪತ್ತರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ ಅಂತ ಬೆಳೆದ ಊರು ನಮ್ಮ ಬೆಂಗಳೂರು. ಮಷಿನು ಕಲಿಯೋ ಹುಡುಗ ಇದಕ್ಕಿಂತ ಒಳ್ಳೇ ಕಡೆ ಎಲ್ಲಿಗೆ ಹೋಗ್ತಾನೆ?

ಭಯದ ಮಾತನ್ನೂ ಆಡಿಬಿಡ್ತೀನಿ, ಮುಚ್ಚಿಡಲ್ಲ. ಬ್ಲೇಡು ಸುತ್ತೋವಾಗ ಕೈಗೆ ಗ್ಲೌಸ್ ಹಾಕಬಾರದು. ರಕ್ಷಣೆಗೆ ಅಂತ ಹಾಕಿದ ಗ್ಲೌಸಿನ ದಾರ ಹಲ್ಲಿಗೆ ಸಿಕ್ರೆ ಕೈಯನ್ನೇ ಎಳ್ಕೊಳ್ಳುತ್ತೆ. ಮಷಿನು ನಿಂತ ಮೇಲೆ ಮಾಲು ಎತ್ತೋಕೆ, ಬ್ಲೇಡು ಬದಲಿಸೋಕೆ ಗ್ಲೌಸ್ ಬೇಕೇ ಬೇಕು, ಸುರುಳಿ ಬಿಚ್ಚಿದ ಬ್ಲೇಡು ಮುಖಕ್ಕೆ ಚಿಮ್ಮುತ್ತೆ. ಚಿಪ್ಸು ಬ್ರಶ್ಶಿನಿಂದಲೇ ತೆಗೀಬೇಕು. ಶೀಟು ಕತ್ತರಿಸೋ ಪವರ್ ಪ್ರೆಸ್ಸಿಗೆ ಎರಡು ಬಟನ್ ಇರುತ್ತೆ, ಎರಡು ಕೈಯಿಂದ ಒಟ್ಟಿಗೆ ಒತ್ತಿದ್ರೆ ಮಾತ್ರ ಡೈ ಇಳಿಯುತ್ತೆ. ಎರಡೂ ಕೈ ಹೊರಗಿರಲಿ ಅಂತಲೇ ಆ ಏರ್ಪಾಡು. ನಾನು ಮೊದಲು ಕೆಲಸ ಮಾಡಿದ ಒಂದು ಶೆಡ್ಡಿನಲ್ಲಿ ಪೀಸು ಜಾಸ್ತಿ ಬರಲಿ ಅಂತ ಒಂದು ಬಟನ್ನಿಗೆ ಟೇಪು ಸುತ್ತಿ ಒತ್ತಿಟ್ಟಿದ್ರು. ರಾಯಚೂರಿನ ಕಡೆಯಿಂದ ಬಂದ ಹುಡುಗ, ನಿಮ್ಮ ಮಗನ ವಯಸ್ಸೇ, ಬಲಗೈಯ ಎರಡು ಬೆರಳು ಹೋಯ್ತು. ಆ ಟೇಪನ್ನ ಮರುದಿನ ಬಿಚ್ಚಿದ್ರು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ನಿನಲ್ಲೇ ಯಂತ್ರಕ್ಕೆ ಬೇಲಿ ಕಟ್ಟಬೇಕು ಅಂತ ಬರೆದಾಗಿತ್ತು. ಗಾರ್ಡು ಬಿಚ್ಚಿ ಓಡಿಸು ಅಂತ ಯಾರು ಹೇಳಿದ್ರೂ ಆಗಲ್ಲ ಅಂತ ಅನ್ನೋ ಧೈರ್ಯ ಹುಡುಗನಿಗೆ ಮನೆಯಿಂದಲೇ ಬರಬೇಕು ಅಕ್ಕ. ನಾನು ಬಂದು ಅವನ ಹತ್ರ ಕೂತು ಹೇಳ್ತೀನಿ ಬೇಕಾದ್ರೆ.

ಸಂಬಳ ಎಷ್ಟು ಅಂತ ಕೇಳೋ ಮೊದಲು ಅಪಾಯಿಂಟ್‌ಮೆಂಟ್ ಲೆಟರ್ ಕೊಡ್ತಾರಾ, ಇಎಸ್‌ಐ ನಂಬರ್ ಮಾಡಿಸ್ತಾರಾ ಅಂತ ಕೇಳಿ. 21,000 ರೂಪಾಯಿಯೊಳಗಿನ ಸಂಬಳಕ್ಕೆ ಇಎಸ್‌ಐ ಇದೆ. ಅವನ ಸಂಬಳದಲ್ಲಿ ಮುರಿಯೋದು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕರು ಹಾಕಬೇಕಾದ್ದು ಮೂರೂಕಾಲು. ಕೆಲಸದಲ್ಲಿ ಪೆಟ್ಟಾದ್ರೆ ಸೇರಿದ ಮೊದಲ ದಿನದಿಂದಲೇ ಪರಿಹಾರದ ಹಕ್ಕು ಇದೆ, ಇಷ್ಟು ತಿಂಗಳು ಕಟ್ಟಿರಬೇಕು ಅಂತಿಲ್ಲ. "ಮೂರು ತಿಂಗಳು ನೋಡಿ ಆಮೇಲೆ ಹೆಸರು ಬರೆಸ್ತೀವಿ" ಅಂದ್ರೆ ಒಪ್ಪಬೇಡಿ. ಮೊದಲ ಸಂಬಳ ಬರೋವರೆಗೂ ಕಾಯದೆ, ಸ್ಟೀಲ್ ಟೋ ಇರೋ ಶೂ ಒಂದು ಜೊತೆ ಈಗಲೇ ಕೊಡಿಸಿ. 50 ಮಿಲಿಮೀಟರಿನ ಬಾರು ಒಂದು ಅಡಿ ತುಂಡೇ ನಾಲ್ಕೂಮುಕ್ಕಾಲು ಕಿಲೋ, ಅದು ಕಾಲಿನ ಮೇಲೆ ಬೀಳೋಕೆ ಪ್ರೊಬೇಷನ್ ಮುಗಿಯೋವರೆಗೆ ಕಾಯಲ್ಲ. ವರ್ನಿಯರ್ ಕೊಳ್ಳಬೇಡಿ, ನನ್ನದೊಂದಿದೆ, ಕೊಡ್ತೀನಿ.